ಅಂಗನವಾಡಿ ಬಂದ್ ಅಂತೆ, ಹೌದಾ?

ಭಾನುವಾರ ಬೆಳಿಗ್ಗೆ 6.52ಕ್ಕೆ ನಮ್ಮ ಫ್ಯಾಮಿಲಿ ಗ್ರೂಪಿಗೆ ದೊಡ್ಡಪ್ಪ ಒಂದು ಮೆಸೇಜ್ ತಳ್ಳಿದರು. ಮೇಲೆ ಎರಡು ಬಾಣದ ಗುರುತು. ಅಂದರೆ ಊರೆಲ್ಲ ಸುತ್ತಿ ಬಂದ ಮಾಲು.

'ಜೂನ್ 1ರಿಂದ ರಾಜ್ಯದ ಎಲ್ಲಾ ಅಂಗನವಾಡಿ ಬಂದ್!! ಖಾಸಗಿ ನರ್ಸರಿ ಫೀಸು ಪೂರ್ತಿ ಸರ್ಕಾರವೇ ಕಟ್ಟಲಿದೆ. ಶಿಕ್ಷಣ ಇಲಾಖೆ ಆದೇಶ. ಕೂಡಲೇ ಎಲ್ಲರಿಗೂ ಕಳಿಸಿ.'

ಅದರ ಕೆಳಗೆ ದೊಡ್ಡಪ್ಪನ ಸ್ವಂತ ಸಾಲು: 'ದೇಶ ಎತ್ತ ಸಾಗುತ್ತಿದೆ?'

ಗ್ರೂಪಿನಲ್ಲಿ 31 ಜನ ಇದ್ದೇವೆ. ಅವರಲ್ಲಿ ಚಿಕ್ಕಮ್ಮ 27 ವರ್ಷದಿಂದ ಅಂಗನವಾಡಿ ಟೀಚರ್. 7.05ಕ್ಕೇ ಅವರ ವಾಯ್ಸ್ ಮೆಸೇಜ್ ಬಂತು. 2 ನಿಮಿಷ 40 ಸೆಕೆಂಡ್. ಅಷ್ಟುದ್ದದ್ದನ್ನು ಯಾರು ಕೇಳುತ್ತಾರೆ? ನಾನೂ ಕೇಳಲಿಲ್ಲ. ಒಲೆ ಮೇಲೆ ಮಗಳ ಹಾಲಿತ್ತು. ಯಾರೋ ಹೆಬ್ಬೆಟ್ಟು ಒತ್ತಿದರು, ಅಲ್ಲಿಗೆ ಅದು ಮುಗಿಯಿತು.

ಅಷ್ಟರಲ್ಲಿ ಪುಟ್ಟ ಎದ್ದ. ನಮ್ಮ ಪುಟ್ಟನಿಗೆ 38 ವರ್ಷ. ಯಾವ ಮೆಸೇಜ್ ಬಂದರೂ ಅವನ ಮೊದಲ ಮಾತು ಒಂದೇ.

ಪುಟ್ಟ: ದೊಡ್ಡಪ್ಪ, ಆದೇಶದ ನಂಬರ್ ಎಲ್ಲಿ? ದಿನಾಂಕ ಎಲ್ಲಿ? ಅಂಗನವಾಡಿ ಇರೋದು ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆ ಕೈಯಲ್ಲಿ. ಶಿಕ್ಷಣ ಇಲಾಖೆ ಅದನ್ನ ಹೇಗೆ ಬಂದ್ ಮಾಡುತ್ತೆ?

ದೊಡ್ಡಪ್ಪ: ನನಗೆ ಕಳಿಸಿದವರು ರಿಟೈರ್ಡ್ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ). ಸುಳ್ಳು ಹೇಳುವವರಲ್ಲ.

ಪುಟ್ಟ: ಅವರಿಗೆ ಯಾರು ಕಳಿಸಿದ್ದು?

ದೊಡ್ಡಪ್ಪ: ಹಿರಿಯರನ್ನು ಅಡ್ಡಪ್ರಶ್ನೆ ಕೇಳುವುದೇ ವಿದ್ಯೆ ಅಂದುಕೊಂಡಿದ್ದೀರಿ ನೀವೆಲ್ಲ.

ಈ ಸುಳ್ಳು ಸುಮ್ನೆ ಹುಟ್ಟಿದ್ದಲ್ಲ. 2024ರಲ್ಲಿ ಸರ್ಕಾರಿ ಶಾಲೆಗಳಲ್ಲೇ ಎಲ್‌ಕೆಜಿ, ಯುಕೆಜಿ ಶುರು ಮಾಡಲು ಸರ್ಕಾರ ಹೊರಟಿತ್ತು. ಆ ಜೂನ್‌ನಲ್ಲಿ ಅಂಗನವಾಡಿಯವರು ಬೆಂಗಳೂರಿಗೆ ಬಂದು ಧರಣಿ ಕೂತರು. ನಾಲ್ಕು ವರ್ಷದ ಮಕ್ಕಳೆಲ್ಲ ಶಾಲೆಗೆ ಹೋದರೆ ನಮ್ಮ ಹತ್ತಿರ ಉಳಿಯೋರು ಯಾರು ಅನ್ನೋದು ಅವರ ಭಯ. ಆಮೇಲೆ ಅಂಗನವಾಡಿಯಲ್ಲೂ ಎಲ್‌ಕೆಜಿ, ಯುಕೆಜಿ ಮಾಡುತ್ತೇವೆ ಅಂತ ಸರ್ಕಾರ ಹೇಳಿತು. ಆ ಗಲಾಟೆಯ ಬಾಲ ಯಾರ ಕೈಗೋ ಸಿಕ್ಕಿ ಹೀಗಾಗಿದೆ. ಇದನ್ನು ಗ್ರೂಪಿನಲ್ಲಿ ಬರೆಯೋಣ ಅಂತ ನಾನು ಅರ್ಧ ಟೈಪ್ ಮಾಡಿದ್ದೆ. ಅಷ್ಟರಲ್ಲಿ ಬೆಂಗಳೂರು ಮಾವ ಬಂದರು.

ಬೆಂಗಳೂರು ಮಾವ: ನಮ್ಮ ಟ್ಯಾಕ್ಸ್ ದುಡ್ಡಲ್ಲಿ ಯಾರ್ಯಾರದೋ ಮಕ್ಕಳ ಫೀಸು! ಬಿಟ್ಟಿ ಭಾಗ್ಯ ಸಾಕಾಗಲಿಲ್ಲವಾ?

ಮೈಸೂರು ಅತ್ತೆ: ಭಾವ, 2015ರಲ್ಲಿ ನಿಮ್ಮ ಮಗನ ಎಲ್‌ಕೆಜಿ ಫೀಸು ಯಾರು ಕಟ್ಟಿದ್ದು?

ಐದು ನಿಮಿಷ ಯಾರೂ ಏನೂ ಬರೆಯಲಿಲ್ಲ.

ಗೊತ್ತಿಲ್ಲದವರಿಗೆ ಹೇಳಬೇಕು. ಮಾವನ ಮಗ ಆರ್‌ಟಿಇ (ಶಿಕ್ಷಣ ಹಕ್ಕು ಕಾಯ್ದೆ) ಸೀಟಿನಲ್ಲಿ ಓದಿದವನು. ಖಾಸಗಿ ಶಾಲೆಯಲ್ಲಿ ನೂರಕ್ಕೆ 25 ಸೀಟು ಬಡವರ ಮತ್ತು ಹಿಂದುಳಿದವರ ಮಕ್ಕಳಿಗೆ, ಅವರ ಫೀಸನ್ನು ಸರ್ಕಾರ ಶಾಲೆಗೆ ಕೊಡುತ್ತಿತ್ತು. ಒಂದನೇ ಕ್ಲಾಸಿಗೆ ವರ್ಷಕ್ಕೆ 16,000, ಎಲ್‌ಕೆಜಿಗೆ 8,000 ರೂಪಾಯಿವರೆಗೂ ಹೋಗಿತ್ತು. 2019ರಲ್ಲಿ ನಿಯಮ ಬದಲಾಯಿತು. ಹತ್ತಿರದಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆ ಇದ್ದರೆ ಖಾಸಗಿಯಲ್ಲಿ ಸೀಟಿಲ್ಲ ಅಂದರು. ಕರ್ನಾಟಕದಲ್ಲಿ ಆ ಬಾಗಿಲು ಹೆಚ್ಚುಕಡಿಮೆ ಮುಚ್ಚಿದ ಹಾಗೆಯೇ. ಮಾವ ಅದಕ್ಕೆ ಮುಂಚೆಯೇ ಒಳಗೆ ಹೋಗಿದ್ದರು. ಆಗ ಅವರಿಗೆ ಎರಡು ಸೈಟು ಇದ್ದವು.

ಬೆಂಗಳೂರು ಮಾವ: ಅದು ಲಾಟರಿಯಲ್ಲಿ ಬಂದ ಸೀಟು!

ಮೈಸೂರು ಅತ್ತೆ: ಇನ್‌ಕಮ್ ಸರ್ಟಿಫಿಕೇಟೂ ಲಾಟರಿಯಲ್ಲೇ ಬಂತಾ?

ಮಾತು ಕೈ ಮೀರುತ್ತೆ ಅಂತ ಗೊತ್ತಾದಾಗಲೆಲ್ಲ ಗುಂಡಣ್ಣ ಹಳೇ ಕಾಲಕ್ಕೆ ಓಡುತ್ತಾನೆ. ಊರಲ್ಲಿ ಅಂಗಡಿ ಇಟ್ಟಿದ್ದಾನೆ, ಗ್ರೂಪಿನ ಶಾಂತಿದೂತ.

ಗುಂಡಣ್ಣ: ಹಳದಿ ಉಪ್ಪಿಟ್ಟು ನೆನಪಿದೆಯಾ ಯಾರಿಗಾದರೂ? ಗೋಧಿ ರವೆದು. ಮನೆಯಿಂದ ತಟ್ಟೆ ತಗೊಂಡು ಹೋಗ್ತಿದ್ವಿ.

ಇಂಗ್ಲೆಂಡ್ ಅಕ್ಕ: ಅಯ್ಯೋ ಆ ವಾಸನೆ! ತಟ್ಟೆ ತಳದಲ್ಲಿ ಅಪ್ಪನ ಹೆಸರು ಕೊರೆಸಿದ್ವಿ ಅಲ್ವಾ?

ಗುಂಡಣ್ಣ: ಇನ್ನೊಂದು ಗೊತ್ತಿರಲಿ. 1975ರ ಅಕ್ಟೋಬರ್ 2ಕ್ಕೆ ದೇಶದಲ್ಲಿ ಅಂಗನವಾಡಿ ಯೋಜನೆ ಶುರುವಾಗಿದ್ದೇ 33 ಕಡೆ. ಅದರಲ್ಲಿ ನಮ್ಮ ಟಿ. ನರಸೀಪುರವೂ ಒಂದು. ನಾವೇ ಫಸ್ಟ್ ಬ್ಯಾಚಿನ ಊರು!

ಉಪ್ಪಿಟ್ಟಿನ ಮೇಲೆ 14 ಮೆಸೇಜ್ ಬಂದವು. ಒಗ್ಗರಣೆಗೆ ಕರಿಬೇವು ಇತ್ತೋ ಇಲ್ಲವೋ ಅನ್ನೋದು ಇನ್ನೂ ಇತ್ಯರ್ಥವಾಗಿಲ್ಲ.

ಇಂಗ್ಲೆಂಡ್ ಅಕ್ಕ: ಇಲ್ಲಿ ನೋಡಿ, 2025ರ ಸೆಪ್ಟೆಂಬರ್‌ನಿಂದ ಒಂಬತ್ತು ತಿಂಗಳ ಮಗುವಿಗೂ ವಾರಕ್ಕೆ 30 ಗಂಟೆ ನರ್ಸರಿ ಸರ್ಕಾರದ್ದೇ. ಅಪ್ಪ ಅಮ್ಮ ಇಬ್ಬರೂ ಕೆಲಸಕ್ಕೆ ಹೋಗಬೇಕು.

ಪುಟ್ಟ: ನಿನ್ನ ಮಗುವಿಗೆ ಸಿಗುತ್ತಾ?

ಇಂಗ್ಲೆಂಡ್ ಅಕ್ಕ: ನಮ್ಮ ವೀಸಾದವರಿಗೆ ಇಲ್ಲ. ಮೂರು ತುಂಬಿದ ಮೇಲೆ ಎಲ್ಲರಿಗೂ ಕೊಡೋ 15 ಗಂಟೆ ಮಾತ್ರ. ಅದೂ ವರ್ಷಕ್ಕೆ 38 ವಾರ. ಊಟ, ಡಯಾಪರ್ ಬೇರೆ.

ಪುಟ್ಟ: ಹಂಗಾದ್ರೆ 'ಇಲ್ಲಿ ನೋಡಿ' ಅಂತ ತೋರಿಸಿದ್ದು ಪಕ್ಕದ ಮನೆಯವರದ್ದು.

ದೊಡ್ಡಪ್ಪನಿಗೆ ಇದ್ಯಾವುದೂ ಬೇಕಿರಲಿಲ್ಲ. ಹೈಸ್ಕೂಲ್ ಹೆಡ್‌ಮಾಸ್ಟರ್ ಆಗಿದ್ದವರು. ಅವರ ಮೆಸೇಜಿನಲ್ಲಿ ಪ್ಯಾರಾ ಇರುತ್ತೆ.

ದೊಡ್ಡಪ್ಪ: ನಮ್ಮ ಕಾಲದಲ್ಲಿ ಬಲಗೈಯನ್ನು ತಲೆ ಮೇಲಿಂದ ತಂದು ಎಡಕಿವಿ ಮುಟ್ಟಿದರೆ ಒಂದನೇ ಕ್ಲಾಸು. ಅಲ್ಲಿಯವರೆಗೆ ಮಗುವಿಗೆ ಮನೆಯೇ ಶಾಲೆ, ಅಜ್ಜಿಯೇ ಟೀಚರ್. ಈಗ ಮೂರು ವರ್ಷಕ್ಕೇ ತಾಯಿ ಮಡಿಲಿಂದ ಕಿತ್ತು ವ್ಯಾನಿಗೆ ತುಂಬುತ್ತೀರಿ. ಆಮೇಲೆ ಫೀಸು ಸರ್ಕಾರ ಕಟ್ಟಲಿ ಅಂತೀರಿ.

ಪುಟ್ಟ: ಶಿಕ್ಷಣ ಹಕ್ಕು ಕಾಯ್ದೆಯಲ್ಲಿ ಹಕ್ಕು ಇರೋದು 6ರಿಂದ 14 ವರ್ಷದವರಿಗೆ ದೊಡ್ಡಪ್ಪ. ಮೂರು ದಾಟಿದವರಿಗೆ ಸರ್ಕಾರ ವ್ಯವಸ್ಥೆ 'ಮಾಡಬಹುದು' ಅಂತಷ್ಟೇ ಇದೆ. 'ಮಾಡಲೇಬೇಕು' ಅಂತಿಲ್ಲ. 11ನೇ ಸೆಕ್ಷನ್ ನೋಡಿ.

ದೊಡ್ಡಪ್ಪ: ನೀನು ಯಾವಾಗ ವಕೀಲನಾದೆ?

ಮೈಸೂರು ಅತ್ತೆ: ಅಣ್ಣ, ನಿನ್ನ ಮೊಮ್ಮಕ್ಕಳು ಎರಡು ವರ್ಷಕ್ಕೇ ಪ್ಲೇಹೋಮ್‌ಗೆ ಹೋದವಲ್ಲ. ಆಗ ಮಡಿಲು ಎಲ್ಲಿತ್ತು?

ದೊಡ್ಡಪ್ಪ: ಅದು ಬೇರೆ ವಿಷಯ.

ಮೈಸೂರು ಅತ್ತೆ: ನನ್ನ ಮಗನ ಸೀಟಿಗೆ ಒಂದು ಲೆಟರ್ ಕೊಡು ಅಂತ ನಿನ್ನ ಮನೆ ಬಾಗಿಲಿಗೆ ಮೂರು ಸಲ ಬಂದೆ. ಅದೂ ಬೇರೆ ವಿಷಯಾನೇ ಬಿಡು.

ಆ ಲೆಟರ್ 2003ರದ್ದು. ನಮ್ಮ ಮನೆಯಲ್ಲಿ ಯಾವ ಜಗಳ ಶುರುವಾದರೂ ಕೊನೆಗೆ ಅಲ್ಲಿಗೇ ಹೋಗಿ ನಿಲ್ಲುತ್ತೆ. ಮಧ್ಯಾಹ್ನದ ಹೊತ್ತಿಗೆ ಬೆಂಗಳೂರು ಮಾವ ಗ್ರೂಪ್ ಬಿಟ್ಟರು. ಸಂಜೆ ಗುಂಡಣ್ಣ ಫೋನ್ ಮಾಡಿ ಬೇಡಿಕೊಂಡು ಮತ್ತೆ ಸೇರಿಸಿದ. ಅಂಗನವಾಡಿ ಬಂದ್ ಹೌದಾ ಅಲ್ಲವಾ ಅನ್ನೋದು ಅಷ್ಟರಲ್ಲಿ ಎಲ್ಲರಿಗೂ ಮರೆತೇ ಹೋಗಿತ್ತು.

ರಾತ್ರಿ ಮಗಳು ಮಲಗಿದ ಮೇಲೆ ಚಿಕ್ಕಮ್ಮನ ವಾಯ್ಸ್ ಕೇಳಿದೆ. ಹಿಂದೆ ಕುಕ್ಕರ್ ಕೂಗುತ್ತಿತ್ತು.

'ಭಾವ, ಅದು ಸುಳ್ಳು. ನಮ್ಮ ಸೂಪರ್‌ವೈಸರ್ ಹತ್ತಿರ ಕೇಳಿದೆ, ಅಂಥ ಆರ್ಡರ್ ಯಾವುದೂ ಬಂದಿಲ್ಲವಂತೆ. ಅಂಗನವಾಡೀನ ಯಾರಾದರೂ ಬಂದ್ ಮಾಡೋದೇ ಬೇಡ, ನರ್ಸರಿ ವ್ಯಾನು ಮಾಡ್ತಾ ಇದೆ. ನನ್ನ ಹತ್ತಿರ 22 ಮಕ್ಕಳ ಹೆಸರು ಇದೆ, 9 ಮಕ್ಕಳು ಎಂಟೂವರೆ ವ್ಯಾನಿಗೆ ಹತ್ತುತ್ತವೆ. ಟೈ ಕಟ್ಟಿಕೊಂಡು ನನಗೇ ಟಾಟಾ ಮಾಡ್ತವೆ. ನಾವು ಎ ಬಿ ಸಿ ಡಿ ಬರೆಸಲ್ಲ ಅಂತ ತಾಯಂದಿರಿಗೆ ಬೇಜಾರು. ಬರೆಸೋಕೆ ಟೈಮ್ ಎಲ್ಲಿದೆ? ತೂಕ ಹಾಕಬೇಕು, ಫೋಟೊ ಹೊಡೆದು ಸರ್ಕಾರದ ಆ್ಯಪ್ ಪೋಷಣ್ ಟ್ರ್ಯಾಕರ್‌ಗೆ ಹಾಕಬೇಕು, ಪುಷ್ಟಿ ಹಿಟ್ಟಿನ ಪ್ಯಾಕೆಟ್ ಹಂಚಬೇಕು, ವೋಟರ್ ಲಿಸ್ಟಿಗೂ ನಾನೇ ಮನೆಮನೆ ಹೋಗಬೇಕು. ದೆಹಲಿ ಲೆಕ್ಕದಲ್ಲಿ ನಮ್ಮ ಗೌರವಧನ 2018ರಲ್ಲಿ 4,500 ಮಾಡಿದ್ದು. ಆಮೇಲೆ ಕೂಡಿಸಿದ್ದೆಲ್ಲ ರಾಜ್ಯದವರೇ. ಹೋಗಲಿ ಬಿಡಿ.'

ಸ್ವಲ್ಪ ಹೊತ್ತು ಕುಕ್ಕರ್ ಸದ್ದು.

'ಪಾಪು, ನಿನ್ನ ಮಗಳು ರಜಕ್ಕೆ ಬಂದಾಗ ಎರಡು ದಿನ ನನ್ನ ಜೊತೆ ಬಂದಿದ್ದಳಲ್ಲ, ಮಕ್ಕಳು ಈಗಲೂ ಕೇಳ್ತವೆ ಅವಳನ್ನ.'

ಪಾಪು ಅಂದರೆ ನಾನು. ಮಗಳಿಗೆ ಮೂರೂವರೆ. ಕಳೆದ ವಾರ ಮೈಸೂರಿನ ಒಂದು ನರ್ಸರಿಗೆ 42,000 ಕಟ್ಟಿ ಬಂದಿದ್ದೆ. ಚಿಕ್ಕಮ್ಮನಿಗೆ ಹೇಳಿರಲಿಲ್ಲ. ನಮ್ಮ ಬೀದಿಯ ಅಂಗನವಾಡಿ ಮನೆಯಿಂದ ಮೂರನೇ ತಿರುವಿನಲ್ಲಿದೆ. ಒಳಗೆ ಹೋಗಿ ನೋಡಿಲ್ಲ.

ಕೊನೆಯ ಹತ್ತು ಸೆಕೆಂಡ್ ಬಾಕಿ ಇತ್ತು.

'ಗುಂಡ, ನಾಳೆ ಪೇಟೆಯಿಂದ ಮೊಟ್ಟೆ ತರಬೇಕು. ಬಸ್ಸಲ್ಲಿ ಒಡೆದುಹೋಗ್ತವೆ. ನಿನ್ನ ಗಾಡಿ ಬೆಳಿಗ್ಗೆ ಸಿಗುತ್ತಾ ಹೇಳು.'

ನಾನು ಗ್ರೂಪಿನಲ್ಲಿ ಬರೆದೆ: 'ಗುಂಡಣ್ಣ, ಚಿಕ್ಕಮ್ಮ ಮೊಟ್ಟೆ ತರೋಕೆ ಗಾಡಿ ಕೇಳಿದ್ದಾರೆ.'

ಗುಂಡಣ್ಣ: ಅಯ್ಯೋ! ಯಾವಾಗ ಹೇಳಿದ್ರು?