ಸ್ಲೈಡಿನಲ್ಲಿ ಹೃದಯ ಸ್ನಾಯು, ಅಸ್ಥಿ ಸ್ನಾಯು: ಬೇರೆ ಮಾಡಿ ಗುರುತಿಸುವುದು ಹೇಗೆ?

ಪ್ರಶ್ನೆ:
ಎಚ್ ಆಂಡ್ ಇ (ಹೆಮಟಾಕ್ಸಿಲಿನ್, ಇಯೋಸಿನ್) ಬಣ್ಣ ಹಾಕಿದ ಸ್ಲೈಡಿನಲ್ಲಿ ಎರಡಕ್ಕೂ ಪಟ್ಟೆ ಇರುವುದರಿಂದ ಗೊಂದಲವಾಗುತ್ತದೆ. ಕರುಳು, ರಕ್ತನಾಳಗಳ ಗೋಡೆಯಲ್ಲಿರುವ ನಯ ಸ್ನಾಯುವಂತೂ ಟೆಂಡನ್ (ಸ್ನಾಯುವನ್ನು ಮೂಳೆಗೆ ಜೋಡಿಸುವ ಪಟ್ಟಿ) ಥರವೇ ಕಾಣುತ್ತದೆ. ಮೊದಲು ಏನು ನೋಡಬೇಕು? ಇನ್ನೊಂದು, ಕಾಲಿನ ಸ್ನಾಯು ಸೆಟೆದುಕೊಂಡ ಹಾಗೆ ಹೃದಯದ್ದು ಯಾಕೆ ಸೆಟೆದುಕೊಳ್ಳುವುದಿಲ್ಲ?

ಉತ್ತರ 1:
ಪಟ್ಟೆ ಬಿಡಿ, ಮೊದಲು ಕೋಶಕೇಂದ್ರ ಎಲ್ಲಿದೆ ನೋಡಿ. ಅಸ್ಥಿ ಸ್ನಾಯುವಿನಲ್ಲಿ ಅವು ಹಲವಾರು, ಎಲ್ಲವೂ ತಂತುವಿನ ಅಂಚಿಗೆ ಒತ್ತಿಕೊಂಡಿರುತ್ತವೆ. ಹೃದಯ ಸ್ನಾಯುವಿನಲ್ಲಿ ಒಂದೋ ಎರಡೋ, ಕೋಶದ ನಡುವೆ. ಆಮೇಲೆ ಹೃದಯ ಸ್ನಾಯುವಿನ ಕವಲು ಹುಡುಕಿ, ಕೊನೆಗೆ ಇಂಟರ್‌ಕ್ಯಾಲೇಟೆಡ್ ಡಿಸ್ಕ್, ಅಂದರೆ ಅದರ ಕೋಶಗಳು ಒಂದಕ್ಕೊಂದು ಸೇರುವ ಕಡೆ ಕಾಣುವ ಅಡ್ಡಗೆರೆ. ಪಠ್ಯಪುಸ್ತಕದ ಚಿತ್ರದಲ್ಲಿ ಡಿಸ್ಕ್ ದಪ್ಪ ಗೆರೆಯಾಗಿರುತ್ತದೆ. ನಿಜವಾದ ಸ್ಲೈಡಿನಲ್ಲಿ ಅಷ್ಟು ಎದ್ದು ಕಾಣುವುದಿಲ್ಲ, ಅದಕ್ಕಾಗಿ ಕಾಯುತ್ತಾ ಕೂರಬೇಡಿ. ಪಟ್ಟೆ ಮಸುಕಾಗಿದ್ದರೆ 40 ಪಟ್ಟಿನ ಆಬ್ಜೆಕ್ಟಿವ್‌ಗೆ ಹೋಗಿ, ಸ್ಲೈಡಿನ ಕೆಳಗಿರುವ ಕಂಡೆನ್ಸರಿನ ಐರಿಸ್ (ಬೆಳಕು ಹೆಚ್ಚುಕಡಿಮೆ ಮಾಡುವ ಕಿಂಡಿ) ಸ್ವಲ್ಪ ಮುಚ್ಚಿ, ಫೈನ್ ಫೋಕಸ್ ಮೆಲ್ಲಗೆ ತಿರುಗಿಸಿ. ಬೆಳಕು ಜಾಸ್ತಿಯಾದಾಗಲೇ ಪಟ್ಟೆ ಮಾಯವಾಗುವುದು.

ಉತ್ತರ 2:
ಟೆಂಡನ್ನಿನಲ್ಲಿ ಕೋಶಕೇಂದ್ರಗಳು ಕೊಲಾಜನ್ ಎಂಬ ಪ್ರೋಟೀನಿನ ಎಳೆಗಳ ಸಂದಿಯಲ್ಲಿ ತೆಳ್ಳಗೆ ಚಪ್ಪಟೆಯಾಗಿ ಸಿಕ್ಕಿಕೊಂಡಿರುತ್ತವೆ. ನಯ ಸ್ನಾಯುವಿನಲ್ಲಿ ಕದಿರಿನಾಕಾರದ ಕೋಶದ ಒಳಗೇ, ನಡುವೆ ಒಂದು. ಸಂಕುಚನದಲ್ಲಿದ್ದರೆ ಅದು ಸ್ಕ್ರೂ ಹಾಗೆ ಸುರುಳಿಯಾಗಿರುತ್ತದೆ. ಅಷ್ಟಾದರೂ ಅನುಮಾನವಿದ್ದರೆ ಮ್ಯಾಸನ್ ಟ್ರೈಕ್ರೋಮ್ ಎಂಬ ಬೇರೆ ಬಣ್ಣ ಹಾಕಿಸಿ: ಸ್ನಾಯು ಕೆಂಪು, ಕೊಲಾಜನ್ ನೀಲಿ ಅಥವಾ ಹಸಿರು.

ಪ್ರಶ್ನೆ ಕೇಳಿದವರು:
ಅಡ್ಡ ಕತ್ತರಿಸಿದ ಸ್ಲೈಡಾದರೆ? ನಯ ಸ್ನಾಯುವಿನ ಎಷ್ಟೋ ಕೋಶಗಳಲ್ಲಿ ಕೇಂದ್ರವೇ ಕಾಣುತ್ತಿಲ್ಲ.

ಉತ್ತರ 2:
ಅದು ಸಹಜ. ಕೋಶ ಉದ್ದ, ಕೇಂದ್ರ ಇರುವುದು ನಡುವಿನಲ್ಲಿ ಮಾತ್ರ. ಕತ್ತರಿಸಿದ್ದು ಕೋಶದ ತುದಿಯ ಬಳಿಯಾದರೆ ಕೇಂದ್ರವಿಲ್ಲದ ಚಿಕ್ಕ ಗುಲಾಬಿ ಚುಕ್ಕೆ ಸಿಗುತ್ತದೆ. ಹಾಗೆ ದೊಡ್ಡ, ಚಿಕ್ಕ ವೃತ್ತಗಳು ಬೆರೆತಿರುವುದೇ ನಯ ಸ್ನಾಯುವಿನ ಗುರುತು.

ಉತ್ತರ 3:
ಸೆಟೆದುಕೊಳ್ಳುವ ವಿಷಯ: ಅಸ್ಥಿ ಸ್ನಾಯುವಿನ ವಿದ್ಯುತ್ ಸಂಕೇತ ಕೆಲವೇ ಮಿಲಿಸೆಕೆಂಡಿನಲ್ಲಿ ಮುಗಿಯುತ್ತದೆ, ಸಂಕುಚನ ಮಾತ್ರ ಹತ್ತಾರು ಮಿಲಿಸೆಕೆಂಡು ಇರುತ್ತದೆ. ಅಷ್ಟರೊಳಗೆ ಮುಂದಿನ ಸಂಕೇತ ಬಂದರೆ ಸಂಕುಚನಗಳು ಒಂದರ ಮೇಲೊಂದು ಕೂಡಿಕೊಳ್ಳುತ್ತವೆ. ಹೃದಯದ ಕುಕ್ಷಿಯ (ರಕ್ತ ಹೊರದೂಡುವ ಕೆಳಕೋಣೆಯ) ಕೋಶದಲ್ಲಿ ಹೊರಗಿನಿಂದ ಕ್ಯಾಲ್ಸಿಯಂ ಒಳಬರುತ್ತಲೇ ಇರುವುದರಿಂದ ಸಂಕೇತವೇ 200ರಿಂದ 300 ಮಿಲಿಸೆಕೆಂಡು ಎಳೆಯುತ್ತದೆ. ಅದರ ಬಹುಪಾಲು ಹೊತ್ತು ಕೋಶ ಹೊಸ ಪ್ರಚೋದನೆಗೆ ಓಗೊಡುವುದೇ ಇಲ್ಲ. ಮತ್ತೆ ಸಿದ್ಧವಾಗುವ ವೇಳೆಗೆ ಸ್ನಾಯು ಸಡಿಲಗೊಳ್ಳಲು ಶುರುವಾಗಿರುತ್ತದೆ, ಹಾಗಾಗಿಯೇ ಪ್ರತಿ ಬಡಿತದ ನಡುವೆ ರಕ್ತ ತುಂಬಿಕೊಳ್ಳಲು ಬಿಡುವು ಸಿಗುತ್ತದೆ.