ಪೈ ಬರೆದ ಫೈಲನ್ನು ಲ್ಯಾಪ್‌ಟಾಪ್‌ನಲ್ಲಿ ಓದಿದರೆ ತಾಪಮಾನ 171 ಕೋಟಿ!

ತೋಟದಪೈ:
ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರ್‌ನಲ್ಲಿ (32 ಬಿಟ್ ಓಎಸ್, ಬುಕ್‌ವರ್ಮ್ ಆವೃತ್ತಿ) ನಿಮಿಷಕ್ಕೊಮ್ಮೆ ತಾಪಮಾನ ಬರೆದಿಡುವ ಸಣ್ಣ ಸಿ ಪ್ರೋಗ್ರಾಮ್ ಓಡುತ್ತಿದೆ. ಒಂದು ದಾಖಲೆಯ ಸ್ಟ್ರಕ್ಟ್‌ನಲ್ಲಿ ಎರಡೇ ಫೀಲ್ಡ್: ಟೈಮ್_ಟಿ (1970ರಿಂದ ಎಣಿಸಿದ ಸೆಕೆಂಡು), ಆಮೇಲೆ ಒಂದು ಇಂಟ್ (26.50 ಡಿಗ್ರಿಗೆ 2650). ಇಡೀ ಸ್ಟ್ರಕ್ಟ್ ಅನ್ನು ಮೆಮೊರಿಯಲ್ಲಿ ಇದ್ದ ಹಾಗೇ ಫೈಲಿಗೆ ಎಫ್‌ರೈಟ್ ಮಾಡುತ್ತೇನೆ. ಪೈನಲ್ಲೇ ಓದಿದರೆ ಎಲ್ಲ ಸರಿ. ಅದೇ ಕೋಡ್ 64 ಬಿಟ್ ಉಬುಂಟುವಿನಲ್ಲಿ ಕಂಪೈಲ್ ಮಾಡಿ ಓದಿದರೆ ಹೀಗೆ:

11383381334800 | 1718000460
11387676302216 | 1718000580

ಸಾಲುಗಳೂ ಅರ್ಧಕ್ಕರ್ಧ ಕಮ್ಮಿ. ಎಸ್‌ಡಿ ಕಾರ್ಡ್ ಹೋಯ್ತಾ?

ಬಿಟ್‌ಬೇಟೆ:
ಕಾರ್ಡ್ ಪಾಪ ಏನೂ ಮಾಡಿಲ್ಲ. ಮೊದಲ ಸಂಖ್ಯೆಯನ್ನು 4294967296ರಿಂದ (2ರ 32ನೇ ಘಾತ, ಅಂದರೆ 4 ಬೈಟ್‌ನ ಲೆಕ್ಕ) ಭಾಗಿಸಿ ನೋಡಿ. ಭಾಗಲಬ್ಧ 2650, ಶೇಷ 1718000400. ಶೇಷ ಅಂದರೆ 2024ರ ಜೂನ್ 10, ನಮ್ಮ ಗಡಿಯಾರದಲ್ಲಿ 11:50. 2650 ನಿಮ್ಮ ತಾಪಮಾನ. ಎರಡೂ ಒಂದೇ ಸಂಖ್ಯೆಯೊಳಗೆ ಸೇರಿಕೊಂಡಿವೆ. ತಾಪಮಾನದ ಜಾಗದಲ್ಲಿ ಬಂದಿರುವುದು ಮುಂದಿನ ನಿಮಿಷದ ಸಮಯ.

ನಿಮ್ಮ ಪೈನಲ್ಲಿ ಟೈಮ್_ಟಿ 4 ಬೈಟ್, ಲ್ಯಾಪ್‌ಟಾಪ್‌ನಲ್ಲಿ 8. ಸ್ಟ್ರಕ್ಟ್ ಅಲ್ಲಿ 8 ಬೈಟ್ ಆದರೆ ಇಲ್ಲಿ ಪ್ಯಾಡಿಂಗ್ (ಕಂಪೈಲರ್ ಸೇರಿಸುವ ಖಾಲಿ ಬೈಟ್) ಸೇರಿ 16. ಹಾಗಾಗಿ ಎರಡು ದಾಖಲೆ ಸೇರಿ ಒಂದಾಗುತ್ತಿದೆ. ಹಳೆ ಫೈಲನ್ನು ಎರಡು ಇಂಟ್32_ಟಿ (ಎಲ್ಲ ಕಡೆ 4 ಬೈಟೇ ಇರುವ ಇಂಟ್) ಇರುವ ಸ್ಟ್ರಕ್ಟ್‌ನಿಂದ ಓದಿ, ಎಲ್ಲ ಸಿಗುತ್ತದೆ.

ಇನ್ನು ಮುಂದೆ ಫೈಲಿಗೆ ಟೈಮ್_ಟಿ ಹಾಗೇ ಬರೆಯಬೇಡಿ, ಇಂಟ್64_ಟಿಗೆ (8 ಬೈಟ್) ಹಾಕಿ ಬರೆಯಿರಿ. ಲಾಂಗ್ ಕೂಡ ಬೇಡ, 64 ಬಿಟ್ ವಿಂಡೋಸ್‌ನಲ್ಲಿ ಅದು 4 ಬೈಟೇ. ಸ್ಟ್ರಕ್ಟ್ ಅನ್ನು ಒಟ್ಟಿಗೆ ಬರೆಯುವುದನ್ನೂ ಬಿಡಿ. ಇಂಟ್64_ಟಿ ಜೊತೆ ಇಂಟ್32_ಟಿ ಇಟ್ಟರೆ ಆರ್ಮ್‌ನಲ್ಲಿ (ಪೈನ ಪ್ರೊಸೆಸರ್ ಬಗೆ) 16 ಬೈಟ್, ಹಳೆ 32 ಬಿಟ್ ಇಂಟೆಲ್ ಲಿನಕ್ಸ್‌ನಲ್ಲಿ 12. ಒಂದೊಂದೇ ಫೀಲ್ಡ್ ಬರೆದರೆ ಎಲ್ಲ ಕಡೆ 12.

ಸೊನ್ನೆಒಂದು:
ಯುಇಂಟ್32_ಟಿ (ಋಣ ಸಂಖ್ಯೆ ಇಲ್ಲದ 4 ಬೈಟ್ ಇಂಟ್) ಸಾಕಲ್ವಾ? 2106ರವರೆಗೆ ಬರುತ್ತದೆ. ಸುಮ್ನೆ 4 ಬೈಟ್ ಯಾಕೆ ಜಾಸ್ತಿ?

ಬಿಟ್‌ಬೇಟೆ:
ದಿನಕ್ಕೆ 1440 ದಾಖಲೆ, ತಲಾ 4 ಬೈಟ್. ವರ್ಷಕ್ಕೆ 2 ಎಂಬಿ ಚಿಲ್ಲರೆ. ಅದಕ್ಕೆ ಜಿಪುಣತನ ಯಾಕೆ ಗುರು? ಕೆಲವೇ ಕಿಲೋಬೈಟ್ ಮೆಮೊರಿ ಇರುವ ಬೋರ್ಡ್ ಆಗಿದ್ದರೆ ನಾನೂ ಒಪ್ಪುತ್ತಿದ್ದೆ. ಇನ್ನೊಂದು ತೊಂದರೆ: ಟೈಮ್() ಫೇಲ್ ಆದಾಗ ಕೊಡುವ -1, ಯುಇಂಟ್32_ಟಿಯಲ್ಲಿ 2106ರ ಫೆಬ್ರವರಿ 7 ಆಗಿ ಕೂರುತ್ತದೆ. ತಪ್ಪು ಅಂತ ಗೊತ್ತೇ ಆಗಲ್ಲ.

@ತೋಟದಪೈ, ಫೈಲ್ ಸರಿಯಾದರೂ ಪೈ ಒಳಗಿನ ಟೈಮ್_ಟಿ 2038ರ ಜನವರಿ 19, ಬೆಳಗ್ಗೆ 8:44:07ಕ್ಕೆ (ಭಾರತದ ಸಮಯ) ತುಂಬಿಹೋಗುತ್ತದೆ. ಜಿಲಿಬ್‌ಸಿ (ಲಿನಕ್ಸ್‌ನ ಸಿ ಲೈಬ್ರರಿ) 2.34ರಿಂದ ಕಂಪೈಲ್ ಮಾಡುವಾಗ _ಟೈಮ್_ಬಿಟ್ಸ್=64 ಮ್ಯಾಕ್ರೋ ಕೊಟ್ಟು ಟೈಮ್_ಟಿಯನ್ನು 8 ಬೈಟ್ ಮಾಡಬಹುದು, ಜೊತೆಗೆ _ಫೈಲ್_ಆಫ್‌ಸೆಟ್_ಬಿಟ್ಸ್=64 ಕಡ್ಡಾಯ. ಆದರೆ ಬೇರೆಯವರು ಕಂಪೈಲ್ ಮಾಡಿದ ಲೈಬ್ರರಿಗೆ ಟೈಮ್‌ವಾಲ್ (ಒಳಗೆ ಟೈಮ್_ಟಿ ಇರುವ ಸ್ಟ್ರಕ್ಟ್) ಕಳಿಸುತ್ತಿದ್ದರೆ ಹುಷಾರು. ಅದು ಹಳೆ ಅಳತೆಯಲ್ಲೇ ಓದುತ್ತದೆ, ಕಂಪೈಲರ್ ತುಟಿ ಬಿಚ್ಚಲ್ಲ. ಬೋರ್ಡ್ 64 ಬಿಟ್ ಆಗಿದ್ದರೆ 64 ಬಿಟ್ ಓಎಸ್ ಹಾಕಿಬಿಡಿ, ಈ ರಗಳೆಯೇ ಇಲ್ಲ.

ತೋಟದಪೈ:
ಹಳೆ ಫೈಲ್ ಪೂರ್ತಿ ಬಂತು! ಬೋರ್ಡ್ ಪೈ 2, ಶುರುವಿನ ಮಾಡೆಲ್, 32 ಬಿಟ್ ಮಾತ್ರ. ಆ ಎರಡು ಮ್ಯಾಕ್ರೋ ಹಾಕಿದೆ, ಟೈಮ್_ಟಿಯ ಸೈಜ್‌ಆಫ್ ಈಗ 8. ಆದರೆ ಪ್ರಿಂಟ್‌ಎಫ್ ಸಾಲಿಗೆ ವಾರ್ನಿಂಗ್ ಬರ್ತಿದೆ.

ಬಿಟ್‌ಬೇಟೆ:
ಅಲ್ಲಿ ನೀವು %ಎಲ್‌ಡಿ ಹಾಕಿರಬೇಕು, ಅದು ಲಾಂಗ್‌ಗೆ. ಲಾಂಗ್ ಲಾಂಗ್‌ಗೆ ಕ್ಯಾಸ್ಟ್ ಮಾಡಿ %ಎಲ್‌ಎಲ್‌ಡಿ ಹಾಕಿ, ಎರಡೂ ಕಡೆ ನಡೆಯುತ್ತದೆ.