ಪದಚರ್ಚೆ: ಫೋನಿನ ‘ಕ್ಯಾಶ್’ ಮತ್ತು ‘ಸ್ಥಳೀಯ ಸಂಗ್ರಹಣೆ’

ಮಾನ್ಯರೇ,

ಹಳ್ಳಿಗಳ ಹಾಲು ಉತ್ಪಾದಕರ ಸಹಕಾರ ಸಂಘಗಳಿಗಾಗಿ ಸಿದ್ಧವಾಗುತ್ತಿರುವ ಆಂಡ್ರಾಯ್ಡ್ ಆ್ಯಪ್ ಒಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ಬೆಳಿಗ್ಗೆ ಮತ್ತು ಸಂಜೆ ಅಳೆದ ಹಾಲಿನ ಲೀಟರು, ಫ್ಯಾಟ್ (ಕೊಬ್ಬು), ಎಸ್‌ಎನ್‌ಎಫ್ (ಕೊಬ್ಬಲ್ಲದ ಘನಾಂಶ) ಎಲ್ಲವೂ ನೆಟ್‌ವರ್ಕ್ ಸಿಗುವವರೆಗೆ ಫೋನಿನೊಳಗಿನ ಎಸ್‌ಕ್ಯುಲೈಟ್ ಎಂಬ ಡೇಟಾಬೇಸಿನಲ್ಲಿರುತ್ತವೆ. ಸದಸ್ಯರ ಭಾವಚಿತ್ರಗಳು ಮಾತ್ರ ಕ್ಯಾಶ್‌ನಲ್ಲಿ (cache, ಬೇಗ ಸಿಗಲೆಂದು ಪ್ರತಿಗಳನ್ನು ತಾತ್ಕಾಲಿಕವಾಗಿ ಇಟ್ಟುಕೊಳ್ಳುವ ಜಾಗ) ಇರುತ್ತವೆ. ಇವೆರಡನ್ನು ಅಳಿಸುವ ಎರಡು ಬಟನ್‌ಗಳಿಗೆ ನಾಳೆಯೊಳಗೆ ಹೆಸರು ಬೇಕು. ಡೇಟಾಬೇಸಿಗೆ ‘ಸ್ಥಳೀಯ ಸಂಗ್ರಹಣೆ’ ಎಂದು ಬರೆದಿದ್ದೆ; ಡೇರಿಯಲ್ಲಿ ಸಂಗ್ರಹಣೆ ಎಂದರೆ ಹಾಲಿನ ಸಂಗ್ರಹಣೆಯೇ ಎಂದು ಕಾರ್ಯದರ್ಶಿಯೊಬ್ಬರು ತಿದ್ದಿದರು. ‘ಕ್ಯಾಶ್ ಅಳಿಸಿ’ ಎಂದು ಬಿಟ್ಟರೆ ದುಡ್ಡಿನ ಲೆಕ್ಕವೇ ಹೋದೀತೆಂದು ಅಂಜುತ್ತಾರೆ.

ಉತ್ತರ ೧:

‘ಹಗೇವು’ ಎನ್ನಿ. ಕ್ಯಾಶ್ ಎಂಬುದು ಬಚ್ಚಿಡು ಎಂಬ ಅರ್ಥದ ಫ್ರೆಂಚ್ ಕ್ರಿಯಾಪದದಿಂದ ಬಂದದ್ದು. ನೆಲದಡಿ ಜೋಳವನ್ನು ಬಚ್ಚಿಡುವ ನಮ್ಮ ಹಗೇವಿಗಿಂತ ಹತ್ತಿರದ ಪದ ಇನ್ನೊಂದಿಲ್ಲ. ‘ಸಂಗ್ರಹ’ ಸಂಸ್ಕೃತದ್ದು, ‘ದಾಸ್ತಾನು’ ಹಿಂದೂಸ್ತಾನಿಯ ದಾರಿಯಿಂದ ಬಂದದ್ದು. ಮನೆಯಲ್ಲೇ ಇರುವಾಗ ಸಾಲ ತರುವುದನ್ನು ನಾನು ಒಪ್ಪುವುದಿಲ್ಲ.

ಉತ್ತರ ೨:

ವ್ಯುತ್ಪತ್ತಿ ಸರಿ, ಸಲಹೆ ತಪ್ಪು. ಹಗೇವಿನ ಕಾಳು ಹಾಳಾದರೆ ಆ ವರ್ಷದ ಊಟವೇ ಹೋದಂತೆ. ಕ್ಯಾಶ್‌ನಲ್ಲಿದ್ದದ್ದು ಹೋದರೆ ಆ್ಯಪ್ ಅದನ್ನು ಸರ್ವರಿನಿಂದ ಮತ್ತೆ ತರಿಸಿಕೊಳ್ಳುತ್ತದೆ. ಫೋನಿನಲ್ಲಿ ಜಾಗ ಸಾಲದಾದಾಗ ಆಂಡ್ರಾಯ್ಡ್ ತಾನಾಗಿಯೇ ಅದನ್ನು ಅಳಿಸುವುದೂ ಉಂಟು. ಹಗೇವನ್ನು ಹೋಲುವುದು ಡೇಟಾಬೇಸ್. ಹೆಸರು ಅದಲುಬದಲಾದರೆ, ಇನ್ನೂ ಸರ್ವರಿಗೆ ಹೋಗದ ಹದಿನೈದು ದಿನಗಳ ಲೆಕ್ಕವನ್ನು ಕಾರ್ಯದರ್ಶಿಯೊಬ್ಬರು ಒಂದೇ ಒತ್ತಿನಲ್ಲಿ ಕಳೆದುಕೊಂಡು, ಹಾಲು ಹಾಕಿದವರ ಮುಂದೆ ತಲೆತಗ್ಗಿಸಿ ನಿಲ್ಲಬೇಕಾಗುತ್ತದೆ. ಇಲ್ಲಿ ಅನುವಾದಿಸಬೇಕಾದದ್ದು ಪದದ ಹುಟ್ಟನ್ನಲ್ಲ, ಬಟನ್ ಒತ್ತಿದವರಿಗೆ ಆಗುವ ನಷ್ಟವನ್ನು.

ದಾಸ್ತಾನನ್ನು ಹೊರಗಿನದೆಂದು ತಳ್ಳುವುದೂ ಸಲ್ಲದು. ಅದು ನಮ್ಮ ಲೆಕ್ಕದ ಪುಸ್ತಕಗಳಲ್ಲಿ ಬೇರೂರಿದ ಪದ. ಬೇರೂರಿರುವುದರಿಂದಲೇ ಇಲ್ಲಿ ಒಗ್ಗುವುದಿಲ್ಲ, ಸಂಘದಲ್ಲಿ ದಾಸ್ತಾನು ಎಂದರೆ ಪಶು ಆಹಾರದ ಚೀಲಗಳು. ‘ಸ್ಥಳೀಯ’ವನ್ನೂ ಬಿಡಿ, ಊರಿನದು ಎಂದೇ ಓದುತ್ತಾರೆ.

ಕ್ಯಾಶ್ ಅಳಿಸುವ ಬಟನ್‌ಗೆ ‘ತಾತ್ಕಾಲಿಕ ಫೈಲುಗಳನ್ನು ಅಳಿಸಿ’ ಎಂದಿರಲಿ. ಡೇಟಾಬೇಸ್ ಅಳಿಸುವುದಕ್ಕೆ ‘ಫೋನಿನಲ್ಲಿರುವ ಲೆಕ್ಕವನ್ನೆಲ್ಲ ಅಳಿಸಿ’ ಎಂದು ಬರೆದು, ಅದರ ಕೆಳಗೇ ‘ಇನ್ನೂ ಕಳುಹಿಸದ ಹಾಲಿನ ಲೆಕ್ಕ ಮತ್ತೆ ಸಿಗುವುದಿಲ್ಲ’ ಎಂಬ ಸಾಲನ್ನು ಸೇರಿಸಿ.